ಉಪ್ಪುಗಾಳಿಯ ಅಂಗಳಕ್ಕೆ ಯಾವ ಪ್ಲಾಸ್ಟಿಕ್?

ಕಾರವಾರದಿಂದ ಅಂಕೋಲೆಯ ಕಡೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟು ಬಿಣಗಾ, ಅರಗಾ ದಾಟಿದರೆ ಚೆಂಡಿಯಾ. ಒಂದು ಮಗ್ಗುಲಿಗೆ ಸಹ್ಯಾದ್ರಿ ಕಡಲಿನ ಹತ್ತಿರದ ತನಕ ಇಳಿದು ಬಂದಿದೆ. ಇನ್ನೊಂದು ಮಗ್ಗುಲಿಗೆ ಐಎನ್‌ಎಸ್ ಕದಂಬ ನೌಕಾನೆಲೆ, ಅದರಾಚೆ ಅರಬ್ಬಿ ಸಮುದ್ರ. ನಡುವಿನ ಕಿರಿದಾದ ಪಟ್ಟಿಯಲ್ಲಿ ಮನೆ, ತೆಂಗು, ಗದ್ದೆ. ಇಲ್ಲಿಯ ಅಂಗಳದಲ್ಲಿ ಇಟ್ಟ ಯಾವ ವಸ್ತುವಿಗೂ ವರ್ಷಕ್ಕೆ ಮೂರು ಪರೀಕ್ಷೆ. ಮಳೆ ಬಿಟ್ಟ ಮೇಲೆ ಮೇ ತಿಂಗಳ ತನಕ ಬಿಸಿಲು, ಜೂನಿನಿಂದ ಸೆಪ್ಟೆಂಬರ್ ಒಳಗೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ, ಹನ್ನೆರಡು ತಿಂಗಳೂ ಉಪ್ಪುಗಾಳಿ. ಕಬ್ಬಿಣದ ಮಡಚುವ ಕುರ್ಚಿ ಉಪ್ಪಿಗೆ ಸೋಲುತ್ತದೆ. ಬೆತ್ತ ಮಳೆಗೆ ಬೂಷ್ಟು ಹಿಡಿಯುತ್ತದೆ. ಸಾಗವಾನಿ ಮೂರನ್ನೂ ತಾಳಿಕೊಳ್ಳುತ್ತದೆ, ಆದರೆ ಅದರ ಬೆಲೆಯನ್ನು ತಾಳಿಕೊಳ್ಳುವವರು ಕಡಿಮೆ. ಹೀಗೆ ಪ್ಲಾಸ್ಟಿಕ್ ಅಂಗಳಕ್ಕೆ ಬಂತು. ಬಂದ ಮೇಲೆ ಯಾವ ಪ್ಲಾಸ್ಟಿಕ್ ಎಂದು ಕೇಳುವುದನ್ನು ನಾವು ಬಿಟ್ಟೆವು. ಅಂಗಡಿಯಲ್ಲಿ ಬಣ್ಣ ನೋಡುತ್ತೇವೆ, ಒಂದು ಕೈಯಲ್ಲಿ ಎತ್ತಿ ತೂಕ ನೋಡುತ್ತೇವೆ, ‘ಫೈಬರ್ ಹೌದಲ್ಲ?’ ಎನ್ನುತ್ತೇವೆ. ಅಂಗಡಿಯವರು ಹೌದು ಅನ್ನುತ್ತಾರೆ. ಬಹಳಷ್ಟು ಸಲ ಅದು ಫೈಬರ್ ಅಲ್ಲವೇ ಅಲ್ಲ.

ಕಾಲು, ಕೈ, ಬೆನ್ನು ಎಲ್ಲ ಒಂದೇ ಅಚ್ಚಿನಿಂದ ಇಳಿದು ಬರುವ ಆ ಕುರ್ಚಿ ಬಹುಪಾಲು ಪಾಲಿಪ್ರೊಪಿಲೀನ್. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಇದನ್ನು ಬಳಕೆಗೆ ಬರುವಷ್ಟು ಗಟ್ಟಿಯಾಗಿ ಮಾಡಿ ತೋರಿಸಿದರು. ಆ ಸಾಲಿನ ಕೆಲಸಕ್ಕೆ 1963ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಇಂಗ್ಲೆಂಡಿನ ರಾಬಿನ್ ಡೇ ಅವರ ಪಾಲಿಪ್ರೊಪಿಲೀನ್ ಕುರ್ಚಿ ಮಾರುಕಟ್ಟೆಗೆ ಬಂದದ್ದೂ 1963ರಲ್ಲೇ, ಆದರೆ ಅದರ ಕಾಲು ಉಕ್ಕಿನದು. ಕಾಲೂ ಪ್ಲಾಸ್ಟಿಕ್ಕೇ ಆದ ಅಗ್ಗದ ಕುರ್ಚಿಗೆ ದಾರಿ ಮಾಡಿಕೊಟ್ಟದ್ದು 1972ರಲ್ಲಿ ಫ್ರಾನ್ಸಿನ ಆನ್ರಿ ಮಾಸೊನೆ ತಂದ ಮಾದರಿ. 220 ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಪಾಲಿಪ್ರೊಪಿಲೀನನ್ನು ಅಚ್ಚಿಗೆ ಒತ್ತಿದರೆ ಒಂದು ನಿಮಿಷದ ಒಳಗೆ ಕುರ್ಚಿ ಸಿದ್ಧ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ತನ್ನ ಚೆಲುವು ಕೆಡುತ್ತದೆಂದು 2008ರಿಂದ 2017ರ ತನಕ ಇಂಥ ಕುರ್ಚಿಗಳನ್ನು ಸಾರ್ವಜನಿಕ ಜಾಗಗಳಿಂದ ದೂರ ಇಟ್ಟಿತ್ತು. ನಮ್ಮಲ್ಲಿ ಅಂಥ ಕಾನೂನು ಬಂದರೆ ಮದುವೆಯೂ ನಿಂತೀತು, ಬಯಲಾಟವೂ ನಿಂತೀತು.

ಈ ಕುರ್ಚಿಯ ಗುಣ ನಿರ್ಧಾರವಾಗುವುದರ ಹಿಂದೆ ಒಂದು ಲೆಕ್ಕಾಚಾರವಿದೆ. ಅಚ್ಚಿಗೆ ಬಹಳ ದುಡ್ಡು ಬೇಕು, ಆದರೆ ಅದು ಒಮ್ಮೆ ಹಾಕುವ ದುಡ್ಡು. ಆಮೇಲೆ ತಯಾರಕನ ಖರ್ಚೆಂದರೆ ಮುಖ್ಯವಾಗಿ ಕಚ್ಚಾಮಾಲು. ಉಳಿಸಬೇಕೆಂದರೆ ಅಲ್ಲೇ ಉಳಿಸಬೇಕು: ಗೋಡೆ ತೆಳುವಾಗಿಸಬೇಕು, ಅಥವಾ ಮಾಲಿನಲ್ಲಿ ಬೆರಕೆ ಮಾಡಬೇಕು, ಅಥವಾ ಬಿಸಿಲು ತಡೆಯುವ ಮದ್ದನ್ನು ಬಿಡಬೇಕು. ಈ ಮೂರನೆಯದು ಅಂಗಡಿಯಲ್ಲಿ ಯಾರ ಕಣ್ಣಿಗೂ ಕಾಣದು. ಕಾಣಲು ಒಂದೆರಡು ಬೇಸಿಗೆ ಕಳೆಯಬೇಕು. ಕಚ್ಚಾಮಾಲು ನಮಗೇನೂ ದೂರದ್ದಲ್ಲ. ಇದೇ ಕರಾವಳಿಯ ತೆಂಕಣ ತುದಿಯಲ್ಲಿ, ಮಂಗಳೂರಿನ ಎಂಆರ್‌ಪಿಎಲ್ 2015ರಿಂದ ಪಾಲಿಪ್ರೊಪಿಲೀನ್ ತಯಾರಿಸುತ್ತಿದೆ. ಘಟಕದ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. ಆದರೆ ರಿಫೈನರಿಯಿಂದ ಹೊರಡುವ ಬಿಳಿ ಕಾಳಿಗೂ ಚೆಂಡಿಯಾದ ಅಂಗಳಕ್ಕೆ ಬರುವ ಕೆಂಪು ಕುರ್ಚಿಗೂ ನಡುವೆ ಏನೇನು ಸೇರಿತು ಎಂಬುದರಲ್ಲೇ ಕುರ್ಚಿಯ ಆಯುಷ್ಯ ಇರುವುದು.

ಬಿಸಿಲಿಗೆ ಕುರ್ಚಿ ಕೆಡುತ್ತದೆಂದರೆ ಬಿಸಿಗೆ ಕೆಡುತ್ತದೆ ಎಂದೇ ಹಲವರ ತಿಳಿವಳಿಕೆ. ಪಾಲಿಪ್ರೊಪಿಲೀನ್ ಕರಗಲು 160 ಡಿಗ್ರಿಯಷ್ಟು ಕಾವು ಬೇಕು. ಏಪ್ರಿಲ್ ಮಧ್ಯಾಹ್ನದ ಅಂಗಳ ಅದರ ಹತ್ತಿರವೂ ಸುಳಿಯದು. ಕೆಡಿಸುವುದು ಬೆಳಕಿನಲ್ಲಿರುವ ಅತಿನೇರಳೆ ಕಿರಣ, ಅದರಲ್ಲೂ 290ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಭಾಗ. ಪಾಲಿಪ್ರೊಪಿಲೀನಿನ ಉದ್ದನೆಯ ಸರಪಣಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಪಕ್ಕದ ಕೊಂಬೆಯೊಂದು ಅಂಟಿಕೊಂಡಿರುತ್ತದೆ. ಆ ಕವಲಿನಲ್ಲಿರುವ ಹೈಡ್ರೋಜನ್ ಸಡಿಲ. ಕಿರಣ ಬಿದ್ದು ಅದು ಕಳಚಿದರೆ ಗಾಳಿಯ ಆಮ್ಲಜನಕ ಒಳಹೊಕ್ಕು ಸರಪಣಿಯನ್ನು ಅಲ್ಲಲ್ಲಿ ತುಂಡರಿಸುತ್ತದೆ. ಒಂದು ತುಂಡಾದದ್ದು ಪಕ್ಕದ್ದಕ್ಕೂ ದಾರಿ ಮಾಡುತ್ತದೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಕೈಯಾಡಿಸಿದರೆ ಬಿಳಿಪುಡಿ ಹತ್ತುತ್ತದೆ, ಆಮೇಲೆ ಕೂದಲೆಳೆಯ ಬಿರುಕು. ಒಂದು ದಿನ ಭಾರದ ಆಳು ಕೂತಾಗ ಕಾಲು ಮುರಿಯುತ್ತದೆ. ನಮ್ಮ ಮಳೆಗಾಲ ಇದಕ್ಕೆ ತನ್ನ ಕೈಯನ್ನೂ ಸೇರಿಸುತ್ತದೆ: ಬೇಸಿಗೆ ಸಡಿಲಿಸಿದ ಮೇಲ್ಪದರವನ್ನು ಜುಲೈ ಮಳೆ ತೊಳೆದು ಒಯ್ದರೆ ಮುಂದಿನ ಬೇಸಿಗೆಗೆ ಹೊಸ ಪದರ ಬಯಲಾಗಿ ನಿಂತಿರುತ್ತದೆ. ಉಪ್ಪಿನಿಂದ ಮಾತ್ರ ಈ ಪ್ಲಾಸ್ಟಿಕ್ಕಿಗೆ ಏನೂ ಆಗದು.

ಇದಕ್ಕೆ ಮದ್ದು ಇದೆ. ಹಾಲ್ಸ್ ಎಂದು ಕರೆಯುವ ಅಮೀನ್ ಜಾತಿಯ ರಾಸಾಯನಿಕಗಳು ತುಂಡಾಗುವ ಸರಣಿಯನ್ನು ಅಲ್ಲಲ್ಲೇ ತಡೆಯುತ್ತವೆ. ಕೆಲಸ ಮಾಡುತ್ತಲೇ ಮತ್ತೆ ಮೊದಲಿನಂತಾಗುವುದು ಅವುಗಳ ವಿಶೇಷ. ಬೇಕಾಗುವ ಪ್ರಮಾಣ ಸಾಮಾನ್ಯವಾಗಿ ಶೇ 0.5ನ್ನೂ ಮೀರದು. ಆ ಅರ್ಧ ಭಾಗವನ್ನು ಹಾಕಿದ ಕುರ್ಚಿ, ಹಾಕದ ಕುರ್ಚಿ ಹೊಸದರಲ್ಲಿ ಅವಳಿಜವಳಿ. ಇನ್ನೊಂದು ಮದ್ದು ಹಳೆಯದು, ಅಗ್ಗದ್ದು: ಇಂಗಾಲದ ಕಪ್ಪು. ಕುಡಿಯುವ ನೀರಿನ ಕಪ್ಪು ಪಾಲಿಎಥಿಲೀನ್ ಪೈಪಿಗೆ ನೂರಕ್ಕೆ ಎರಡು–ಮೂರು ಭಾಗ ಇದನ್ನು ಬೆರೆಸುತ್ತಾರೆ. ಯಾವ ನೆರಳೂ ಇಲ್ಲದ ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು ವರ್ಷಗಟ್ಟಲೆ ಬಾಳುವ ಗುಟ್ಟು ಇದೇ. ಬಿಳಿ ಕುರ್ಚಿಗೆ ಟೈಟಾನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಅದರಲ್ಲಿ ರೂಟೈಲ್ ಎಂಬ ಬಗೆ ಬೆಳಕನ್ನು ತಡೆದು ಕಾಯುತ್ತದೆ, ಅನಾಟೇಸ್ ಎಂಬ ಅಗ್ಗದ ಬಗೆ ಬಿಸಿಲಲ್ಲಿ ತಾನೇ ಪುಡಿಯಾಗುವುದನ್ನು ಹೆಚ್ಚಿಸುತ್ತದೆ. ಕಣ್ಣು ಕುಕ್ಕುವ ಕೆಂಪು, ಹಳದಿ ಬಣ್ಣಗಳು ಬೇಗ ಮಾಸುವ ಸಾಧ್ಯತೆ ಹೆಚ್ಚು. ಬಿಸಿಲಲ್ಲೇ ಇರಬೇಕಾದ ಕುರ್ಚಿಗೆ ಕಪ್ಪು, ಗಾಢ ಬೂದು, ಕಂದು ಒಳ್ಳೆಯದು ಎಂಬುದು ನನ್ನ ಮತ. ಮಧ್ಯಾಹ್ನ ಕೂತರೆ ತೊಡೆ ಸುಡುತ್ತದೆ, ನಿಜ. ಆದರೆ ಚೆಂಡಿಯಾದಲ್ಲಿ ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿ ಕೂರುವವರು ಯಾರು?

ಈಗ ತೂಕದ ಮಾತು. ಎತ್ತಿ ನೋಡಿ ಭಾರ ಇದ್ದದ್ದನ್ನು ಆರಿಸುವುದು ಮರದ ಕಾಲದಿಂದ ಬಂದ ಅಭ್ಯಾಸ. ಪ್ಲಾಸ್ಟಿಕ್ಕಿನಲ್ಲಿ ಅದು ಮೋಸ ಮಾಡುತ್ತದೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಸಾಂದ್ರತೆ 0.9. ಅದಕ್ಕೆ ಬೆರೆಸುವ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ನುಣ್ಣನೆಯ ಪುಡಿ, ಅದರ ಮೂರು ಪಟ್ಟು ಭಾರ, ಬೆಲೆಯಲ್ಲಿ ಬಲು ಅಗ್ಗ. ಸ್ವಲ್ಪ ಪುಡಿ ಬೆರೆತರೆ ತಪ್ಪಿಲ್ಲ, ಕುರ್ಚಿ ತುಸು ಬಿಗಿಯಾಗುತ್ತದೆ. ಮಿತಿ ಮೀರಿದರೆ ಬಾಗುವ ಗುಣ ಹೋಗಿ ಕುರುಕಲಾಗುತ್ತದೆ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ. ಹಳೆಯ ಮುರಿದ ಕುರ್ಚಿಯ ಒಂದು ಚೂರನ್ನು ಬಾವಿನೀರಿನ ಬಕೆಟ್ಟಿಗೆ ಹಾಕಿ. ತೇಲಿದರೆ ಪುಡಿ ಕಡಿಮೆ. ಮುಳುಗಿದರೆ ತೂಕದಲ್ಲಿ ಸುಮಾರು ಏಳನೇ ಒಂದು ಭಾಗವೋ ಅದಕ್ಕೂ ಹೆಚ್ಚೋ ಪುಡಿ ಇದೆ ಎಂದು ಲೆಕ್ಕ. ಸಮುದ್ರದ ನೀರಿನಲ್ಲಿ ಮುಳುಗಿದರೆ ಇನ್ನೂ ಹೆಚ್ಚು, ಆರನೇ ಒಂದು ಭಾಗದ ಮೇಲೆ. ಹೊಸ ಕುರ್ಚಿಯನ್ನು ಅಂಗಡಿಯಲ್ಲಿ ಕತ್ತರಿಸಲು ಬಿಡುವುದಿಲ್ಲ. ಆದರೆ ಮನೆಯಲ್ಲಿ ಮುರಿದದ್ದು ಯಾವ ಹೆಸರಿನದು, ತೇಲಿತೋ ಮುಳುಗಿತೋ ಎಂದು ನೋಡಿಟ್ಟುಕೊಂಡರೆ ಮುಂದಿನ ಸಲಕ್ಕೆ ಉಪಯೋಗ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಮರುಬಳಕೆಯ ಮಾಲು ಕೂಡ ತೇಲುತ್ತದೆ. ಗುಜರಿಯಿಂದ ಬಂದ ಹಳೆಯ ಪ್ಲಾಸ್ಟಿಕ್ ಒಮ್ಮೆ ಬಿಸಿಲು ಕಂಡು, ಒಮ್ಮೆ ಕರಗಿ, ಸರಪಣಿ ಮೊದಲೇ ಗಿಡ್ಡವಾಗಿರುತ್ತದೆ. ಬೆನ್ನಿನ ಕೆಳಗೆ ಬೇರೆ ಬಣ್ಣದ ಗೆರೆ, ಕಪ್ಪು ಚುಕ್ಕೆ, ಮೂಗಿಗೆ ಹತ್ತಿರ ತಂದರೆ ಸುಟ್ಟ ವಾಸನೆ ಇದ್ದರೆ ಅನುಮಾನ ಪಡಬಹುದು. ಹಾಗೆಂದು ಮರುಬಳಕೆಯ ಮಾಲನ್ನೆಲ್ಲ ಕೀಳೆಂದು ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಶಾಮಿಯಾನದವರ ಕುರ್ಚಿ ಹಗಲೆಲ್ಲ ಗೋದಾಮಿನಲ್ಲಿ ಒಂದರ ಮೇಲೊಂದು ಕೂತು ರಾತ್ರಿ ಆಟಕ್ಕೆ ಹೊರಬರುತ್ತದೆ. ಅದಕ್ಕೆ ಬಿಸಿಲಿನ ಮದ್ದು ಎಷ್ಟಿದ್ದರೆ ಏನು? ಎತ್ತಿ ಒಗೆಯುವ ಹುಡುಗರ ಕೈಯನ್ನು ತಾಳಿಕೊಂಡರೆ ಸಾಕು.

ಕೊಳ್ಳುವಾಗ ಕುರ್ಚಿಯನ್ನು ತಲೆಕೆಳಗು ಮಾಡಿ. ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್, 2 ಇದ್ದರೆ ಗಟ್ಟಿ ಪಾಲಿಎಥಿಲೀನ್, 3 ಇದ್ದರೆ ಪಿವಿಸಿ. ಕಾಲಿನ ಒಳಮೈಯಲ್ಲಿ ಏಣುಗಳಿವೆಯೇ, ಕಾಲು ಸೀಟಿಗೆ ಸೇರುವಲ್ಲಿ ಮೂಲೆ ದುಂಡಗಿದೆಯೇ ನೋಡಿ. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು. ಬೆನ್ನಿನ ಕಿಂಡಿಗಳ ಸುತ್ತ ಕಣ್ಣಿಟ್ಟು ನೋಡಿದರೆ ತೆಳುವಾದ ಗೆರೆಗಳು ಕಾಣಬಹುದು. ಕರಗಿದ ಪ್ಲಾಸ್ಟಿಕ್ ಎರಡು ಕಡೆಯಿಂದ ಹರಿದು ಬಂದು ಕೂಡಿದ ಜಾಗ ಅದು, ಅಲ್ಲಿ ಬಲ ಕಡಿಮೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಸಾಮಾನ್ಯ ಬಳಕೆಯ ಕುರ್ಚಿ, ಸ್ಟೂಲುಗಳಿಗೆ ಐಎಸ್ 17632 ಎಂಬ ಮಾನದಂಡ ಹೊರಡಿಸಿದೆ. ಗುರುತು ಇದ್ದರೆ ಒಳ್ಳೆಯದೇ. ಆದರೆ ಹೊಸ ಕುರ್ಚಿ ಎಷ್ಟು ಭಾರ ಹೊರುತ್ತದೆ ಎಂಬುದು ಒಂದು ಪ್ರಶ್ನೆ, ಅದೇ ಕುರ್ಚಿ ಮೂರು ಬೇಸಿಗೆಯ ಮೇಲೆ ಎಷ್ಟು ಹೊರುತ್ತದೆ ಎಂಬುದು ಇನ್ನೊಂದು. ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಒಂದು ಕಾಳಜಿ ಬೇಕು: ಬಿಸಿಲಿಗೆ ಕಾದ ಪಾಲಿಪ್ರೊಪಿಲೀನ್ ಮೆತ್ತಗಾಗುತ್ತದೆ, ಒದ್ದೆ ಟೈಲ್ಸಿನ ಮೇಲೆ ಕಾಲು ಹೊರಕ್ಕೆ ಜಾರಿ ಅಗಲವಾಗುತ್ತದೆ. ಅಜ್ಜಿ ಕೂರುವ ಕುರ್ಚಿಗೆ ಕೈ ಇರಲಿ, ಕಾಲ ಕೆಳಗೆ ರಬ್ಬರ್ ಬುಷ್ ಇರಲಿ.

ಪಿವಿಸಿಗೆ ಬರೋಣ. ಕಬ್ಬಿಣದ ಚೌಕಟ್ಟಿಗೆ ಬಣ್ಣದ ಪ್ಲಾಸ್ಟಿಕ್ ವಯರು ಸುತ್ತಿದ ಕುರ್ಚಿಗಳು ಒಂದು ಕಾಲಕ್ಕೆ ನಮ್ಮ ಜಗಲಿಗಳ ಶೋಭೆ. ಆ ವಯರು ಪಿವಿಸಿ. ಪಿವಿಸಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು, ಶೇ 57ರಷ್ಟು, ಕ್ಲೋರಿನ್. ಕ್ಲೋರಿನ್ ಬರುವುದು ಉಪ್ಪಿನಿಂದ. ಚೆಂಡಿಯಾದ ನೆರೆಯ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇರುವುದರಿಂದ ಉಪ್ಪು ಒಡೆದು ಕ್ಲೋರಿನ್ ಆಗುವುದೇನು ಎಂಬುದು ಇಲ್ಲಿಯವರಿಗೆ ಗೊತ್ತಿಲ್ಲದ ವಿಷಯವಲ್ಲ. ಹುಟ್ಟಾ ಗಡುಸಾದ ಪಿವಿಸಿಯನ್ನು ಬಾಗುವಂತೆ ಮಾಡಲು ಎಣ್ಣೆಯಂಥ ದ್ರವ ಸೇರಿಸಬೇಕು. ಬಿಸಿಲಿಗೆ ಅದು ಮೆಲ್ಲಗೆ ಹೊರಬರುತ್ತದೆ. ಮೊದಲು ವಯರು ಅಂಟಂಟು, ಧೂಳು ಕೂರುತ್ತದೆ, ಆಮೇಲೆ ಗಡುಸಾಗಿ ಕಡಿಯುತ್ತದೆ. ಈಗ ಹೋಂಸ್ಟೇಗಳಲ್ಲಿ ಕಾಣುವ ‘ವಿಕರ್’ ಸೋಫಾಗಳಲ್ಲೂ ಇದೇ ಪ್ರಶ್ನೆ. ನೋಡಲು ಬೆತ್ತ, ಹೆಣೆದದ್ದು ಪ್ಲಾಸ್ಟಿಕ್ ಪಟ್ಟಿ. ಪಟ್ಟಿ ಪಿವಿಸಿಯಾದರೆ ನಮ್ಮ ಬಿಸಿಲಿಗೆ ಬೇಡವೇ ಬೇಡ. ಬಿಸಿಲು ತಡೆಯುವ ಮದ್ದು ಬೆರೆತ ಪಾಲಿಎಥಿಲೀನ್ ಆದರೆ ಪರವಾಗಿಲ್ಲ. ಅದಕ್ಕಿಂತ ಮುಖ್ಯ ಒಳಗಿನ ಚೌಕಟ್ಟು. ಹೆಣಿಗೆಯ ಅಡಿ ಅಡಗಿದ ಕಬ್ಬಿಣದ ಪೈಪಿಗೆ ಉಪ್ಪಿನ ತೇವ ಹೊಕ್ಕರೆ ಒಣಗಲು ದಾರಿಯೇ ಇಲ್ಲ. ಪಟ್ಟಿ ಹೊಸದರಂತೆ ಇರುವಾಗಲೇ ಸೋಫಾ ಕುಸಿಯುತ್ತದೆ. ಅಂಗಡಿಯಲ್ಲಿ ಒಂದು ಅಯಸ್ಕಾಂತ ಹಚ್ಚಿ ನೋಡಿ. ಹಿಡಿದುಕೊಂಡರೆ ಕಬ್ಬಿಣ, ಬಿಟ್ಟು ಬನ್ನಿ.

ಒಂದೇ ಕಡೆ ಇರುವ ಬೆಂಚಿಗೆ, ತೋಟದ ಮೇಜಿಗೆ ನಾನು ಹೇಳುವ ವಸ್ತು ಗಟ್ಟಿ ಪಾಲಿಎಥಿಲೀನಿನ ಹಲಗೆ, ಎಚ್‌ಡಿಪಿಇ. ಇದರ ಸರಪಣಿಯಲ್ಲಿ ಪಾಲಿಪ್ರೊಪಿಲೀನಿನಷ್ಟು ಕವಲುಗಳಿಲ್ಲ, ಹಾಗಾಗಿ ಬಿಸಿಲಿಗೆ ಅಷ್ಟು ಸುಲಭವಾಗಿ ಬಗ್ಗದು. ನೀರು ಹೀರದು, ಗೆದ್ದಲು ತಿನ್ನದು, ಉಪ್ಪು ತಟ್ಟದು. ಮರುಬಳಕೆಯ ಎಚ್‌ಡಿಪಿಇ ಹಲಗೆಯೂ, ದಪ್ಪ ಇರುವುದರಿಂದ ಮೇಲ್ಮೈ ಸ್ವಲ್ಪ ಕೆಟ್ಟರೂ ಒಳಗಿನ ಬಲ ಉಳಿಯುವುದರಿಂದ, ಚೆನ್ನಾಗಿಯೇ ಬಾಳುತ್ತದೆ. ದೌರ್ಬಲ್ಯ ಬೇರೆ ಕಡೆ ಇದೆ. ಬಿಗಿತದಲ್ಲಿ ಇದು ಸಾಗವಾನಿಯ ಹತ್ತನೇ ಒಂದು ಭಾಗದಷ್ಟು ಮಾತ್ರ. ಜೊತೆಗೆ ಭಾರ ಹೊತ್ತು ಹೊತ್ತು ಮೆಲ್ಲಗೆ ಜೋಲುವ ಚಾಳಿ. ಸಾಗವಾನಿಯ ಅಳತೆ ಹಿಡಿದು ಬಡಗಿ ಎರಡು ಕಾಲಿನ ಮೇಲೆ ಐದಡಿಯ ಹಲಗೆ ಹಾಸಿದರೆ ಒಂದು ಬೇಸಿಗೆಯಲ್ಲಿ ಅದು ತೊಟ್ಟಿಲಾಗುತ್ತದೆ. ಸುಮಾರು 40 ಸೆಂಟಿಮೀಟರಿಗೊಂದು ಅಡ್ಡ ಆಧಾರ ಬೇಕು. ಹಿಗ್ಗು–ಕುಗ್ಗೂ ಹೆಚ್ಚು: ಒಂದೂವರೆ ಮೀಟರ್ ಹಲಗೆ ಮಳೆಯ ಬೆಳಗಿನಿಂದ ಬಿಸಿಲ ಮಧ್ಯಾಹ್ನಕ್ಕೆ, ಮೂವತ್ತು ಡಿಗ್ರಿಯ ಅಂತರದಲ್ಲಿ, ಆರೇಳು ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂವಿನ ತೂತು ಉದ್ದುದ್ದ ಇರಬೇಕು. ಇಲ್ಲವಾದರೆ ಹಲಗೆ ಡೊಂಕಾಗುತ್ತದೆ ಅಥವಾ ಸ್ಕ್ರೂ ಕಿತ್ತು ಬರುತ್ತದೆ.

ಸ್ಕ್ರೂ ಎಂದ ಮೇಲೆ ಅಲ್ಲೇ ಸ್ವಲ್ಪ ನಿಲ್ಲಬೇಕು. ಕಡಲ ಬದಿಯಲ್ಲಿ ಪ್ಲಾಸ್ಟಿಕ್ ಪೀಠೋಪಕರಣದ ಸಾವು ಎಷ್ಟೋ ಸಲ ಪ್ಲಾಸ್ಟಿಕ್ಕಿನದಲ್ಲ, ಅದನ್ನು ಹಿಡಿದ ಲೋಹದ್ದು. ‘ಎಸ್‌ಎಸ್’ ಎಂದು ಹಾರ್ಡ್‌ವೇರ್ ಅಂಗಡಿ ಕೊಡುವ ಸ್ಕ್ರೂ 202 ಇರಬಹುದು, 304 ಇರಬಹುದು. ಉಪ್ಪುಗಾಳಿಗೆ ಬೇಕಾದದ್ದು 316. ಅದರಲ್ಲಿ ಶೇ 2–3 ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡಿನ ಕೊರೆತವನ್ನು ತಡೆಯುವುದು ಅದೇ. ಇಲ್ಲಿ ಅಯಸ್ಕಾಂತ ಕೈಕೊಡುತ್ತದೆ, ಮೂರೂ ಬಗೆಗಳು ಅದಕ್ಕೆ ಅಂಟುವುದಿಲ್ಲವೆಂದೇ ಹೇಳಬೇಕು. ತಲೆಯ ಮೇಲೆ ಎ4 ಎಂದು ಒತ್ತಿದ್ದರೆ 316ರ ಜಾತಿ, ಎ2 ಆದರೆ 304ರದು. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಇರಲಿ. ಎರಡು ಲೋಹ ಉಪ್ಪುನೀರಿನಲ್ಲಿ ತಾಗಿದರೆ ಅಲ್ಯೂಮಿನಿಯಂ ಕರಗತೊಡಗುತ್ತದೆ.

ನಿಜವಾದ ಫೈಬರ್ ಎಂದರೆ ಗಾಜಿನ ಎಳೆ ಮತ್ತು ಪಾಲಿಯೆಸ್ಟರ್ ರಾಳ ಸೇರಿದ ಫೈಬರ್‌ಗ್ಲಾಸ್. ಅದನ್ನು ಚೆಂಡಿಯಾದ ಸುತ್ತಮುತ್ತ ಎಲ್ಲರೂ ಬಲ್ಲರು, ಬೈತಖೋಲ್, ಮುದಗಾ ಬಂದರುಗಳ ಸಣ್ಣ ದೋಣಿಗಳಲ್ಲಿ ಎಷ್ಟೋ ಅದರವೇ. ಸದಾ ಉಪ್ಪುನೀರಿನಲ್ಲಿದ್ದು, ನೆತ್ತಿಯ ಮೇಲೆ ಸೂರ್ಯನನ್ನು ಹೊತ್ತು, ದಡದ ಮರಳಿಗೆ ಮೈಯುಜ್ಜಿಕೊಂಡು ದುಡಿಯುವ ವಸ್ತು ಅಂಗಳದ ಬೆಂಚಾಗಿ ಸೋಲುವುದಿಲ್ಲ. ಪೀಠೋಪಕರಣದ ಅಂಗಡಿಗಳು ಇದನ್ನು ಮಾರುವುದು ಅಪರೂಪ, ಬೆಲೆಯೂ ಹೆಚ್ಚು. ಆದರೆ ಈ ಊರಿಗೆ ಇದರಲ್ಲಿ ಬೆಂಗಳೂರಿಗೆ ಇಲ್ಲದ ಒಂದು ಅನುಕೂಲವಿದೆ. ದೋಣಿಗೆ ತೇಪೆ ಹಾಕುವ ಕೈಗಳು ಇಲ್ಲಿವೆ. ಮ್ಯಾಟ್, ರೆಸಿನ್, ಹಾರ್ಡನರ್ ಇಟ್ಟುಕೊಂಡು ಬಿರುಕನ್ನು ಉಜ್ಜಿ, ಪದರ ಹಚ್ಚಿ, ಮೇಲೆ ಜೆಲ್‌ಕೋಟ್ ಬಳಿಯುವ ಕೆಲಸ ಅವರಿಗೆ ನಿತ್ಯದ್ದು. ಪಾಲಿಪ್ರೊಪಿಲೀನ್ ಕುರ್ಚಿ ಮುರಿದರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಫೈಬರ್‌ಗ್ಲಾಸ್ ಬೆಂಚು ಮುರಿದರೆ ದುರಸ್ತಿಯ ಜಾಗ ಮೊದಲಿನದಕ್ಕಿಂತ ದಪ್ಪವಾಗಿ ಕೂರುತ್ತದೆ. ಜೆಲ್‌ಕೋಟ್ ಸವೆದು ಗಾಜಿನ ಎಳೆ ಮೇಲೆದ್ದರೆ ಮಾತ್ರ ಕೂತವರಿಗೆ ತುರಿಕೆ. ಕೆಲವು ವರ್ಷಕ್ಕೊಮ್ಮೆ ಬಳಿಸಿಕೊಳ್ಳಬೇಕು. ಅಂಗಳದ ಶಾಶ್ವತ ಆಸನದ ಬಗ್ಗೆ ಯೋಚಿಸುವವರು ಶೋರೂಮಿಗೆ ಹೋಗುವ ಮೊದಲು ಬಂದರಿಗೆ ಹೋಗಿ ವಿಚಾರಿಸಿದರೆ ನಷ್ಟವಿಲ್ಲ.

ಉಳಿದವನ್ನು ಬೇಗ ಮುಗಿಸಬಹುದು. ಎಬಿಎಸ್ ಒಳಮನೆಯ ವಸ್ತು, ಬಿಸಿಲಿಗೆ ಹಳದಿಯಾಗುತ್ತದೆ. ನೈಲಾನ್ ಬಲಶಾಲಿ, ಆದರೆ ನಮ್ಮ ಮಳೆಗಾಲದ ತೇವ ಹೀರಿ ಬಿಗಿ ಕಳೆದುಕೊಳ್ಳುತ್ತದೆ. ಪಾಲಿಕಾರ್ಬೊನೇಟ್ ಮಾಡಿನ ಶೀಟಿಗೆ ಸರಿ, ಕುರ್ಚಿಗೆ ದುಬಾರಿ. ಮರದ ಹುಡಿ, ಪ್ಲಾಸ್ಟಿಕ್ ಸೇರಿಸಿದ ಡಬ್ಲ್ಯೂಪಿಸಿ ಹಲಗೆಯನ್ನು ‘ನೀರಿಗೆ ಏನೂ ಆಗದು’ ಎಂದು ಮಾರುತ್ತಾರೆ. ಅದರೊಳಗಿನ ಮರ ಮರವೇ. ಕತ್ತರಿಸಿದ ತುದಿಯಿಂದ ನೀರು ಹೀರಿಕೊಳ್ಳುತ್ತದೆ, ಮೂರು ತಿಂಗಳು ಒಣಗದೆ ನಿಂತರೆ ಕಪ್ಪು ಬೂಷ್ಟು ಬರುತ್ತದೆ.

ಯಾವುದನ್ನು ಕೊಂಡರೂ ಅದರ ಬಾಳಿಕೆ ಹೆಚ್ಚಿಸುವ ಅಗ್ಗದ ಉಪಾಯ ನೆರಳು. ಮಡಲಿನ ಚಪ್ಪರದ ಅಡಿ ಇಟ್ಟ ಸಾಧಾರಣ ಕುರ್ಚಿ ಬಯಲಲ್ಲಿಟ್ಟ ದುಬಾರಿ ಕುರ್ಚಿಗಿಂತ ಹೆಚ್ಚು ಬಾಳುವುದು ಸಹಜ, ಕಿರಣವೇ ತಾಗದಿದ್ದರೆ ಮದ್ದಿಗೆ ಕೆಲಸವೇ ಇಲ್ಲ. ಮಳೆಗಾಲದ ಹಸಿರು ಪಾಚಿಗೆ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು. ಪಾತ್ರೆ ಉಜ್ಜುವ ಸ್ಟೀಲ್ ನಾರು ಬೇಡ, ಗೀರಿದ ಮೈಯಲ್ಲಿ ಪಾಚಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಹೊಳಪು ಬರಲೆಂದು ಸೀಮೆಎಣ್ಣೆಯಲ್ಲಿ ಒರೆಸುವ ರೂಢಿಯೂ ಒಳ್ಳೆಯದಲ್ಲ, ಪಾಲಿಪ್ರೊಪಿಲೀನ್ ಅದನ್ನು ಹೀರಿ ಉಬ್ಬುತ್ತದೆ. ಮೇ ಕೊನೆಗೆ ಎಲ್ಲವನ್ನೂ ಕಟ್ಟಿಡಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯನ್ನು ಸವರಿಕೊಂಡು ಹೋಯಿತು. ಎರಡೂವರೆ ಕಿಲೋ ಕುರ್ಚಿ ಅಂಥ ಗಾಳಿಗೆ ಲೆಕ್ಕಕ್ಕಿಲ್ಲ. ಗುಡ್ಡದ ನೀರು ಅಂಗಳಕ್ಕೆ ನುಗ್ಗುವುದು ಚೆಂಡಿಯಾ, ಅರಗಾದವರಿಗೆ ಹೊಸದಲ್ಲ, ಆಗ ನೀರಿಗಿಂತ ಹಗುರವಾದ ಈ ಕುರ್ಚಿಗಳೇ ಮೊದಲು ತೇಲಿ ಹೊರಡುತ್ತವೆ. ಅವು ಹೋಗಿ ಸೇರುವುದು ಹಳ್ಳ, ಹಳ್ಳದಿಂದ ಕಡಲು, ಕಡಲಿನಿಂದ ಯಾರದೋ ಬಲೆ.

ಸತ್ತ ಕುರ್ಚಿಯ ಗತಿ ಏನು ಎಂಬುದನ್ನೂ ಕೊಳ್ಳುವಾಗಲೇ ಕೇಳಿಕೊಳ್ಳಬೇಕು. ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳಲ್ಲಿ ತಯಾರಕರ ಮೇಲೆ ಹೊರಿಸಿದ ಮರುಸಂಗ್ರಹದ ಹೊಣೆ ಪ್ಯಾಕಿಂಗ್ ಪ್ಲಾಸ್ಟಿಕ್ಕಿನದು, ಕುರ್ಚಿಯದಲ್ಲ. ಮಾರಿದವರು ವಾಪಸು ಒಯ್ಯುವುದಿಲ್ಲ. ಗುಜರಿಯವರು ಪಾಲಿಪ್ರೊಪಿಲೀನ್, ಎಚ್‌ಡಿಪಿಇ ಎರಡನ್ನೂ ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ, ಆದರೆ ಬಿಸಿಲಿಗೆ ಪುಡಿಯಾಗತೊಡಗಿದ ಮಾಲಿಗೆ ಬೆಲೆ ಇಲ್ಲ. ಬಿಳಿಪುಡಿ ಕೈಗೆ ಹತ್ತತೊಡಗಿದ ವರ್ಷವೇ ಅದನ್ನು ಗುಜರಿಗೆ ಹಾಕುವುದು ಲೇಸು, ಕಾಲು ಮುರಿಯುವ ತನಕ ಕಾಯುವುದು ಬೇಡ. ಫೈಬರ್‌ಗ್ಲಾಸನ್ನು ಯಾರೂ ಒಯ್ಯುವುದಿಲ್ಲ, ಅದನ್ನು ದುರಸ್ತಿ ಮಾಡುತ್ತಲೇ ಇರಬೇಕು. ಪಿವಿಸಿ ವಯರನ್ನು ಬಚ್ಚಲ ಒಲೆಗೆ ಹಾಕುವ ಮನೆಗಳು ಇನ್ನೂ ಇವೆ. ಅದು ಸುಟ್ಟರೆ ಹೊರಬರುವುದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ, ಜೊತೆಗೆ ಡಯಾಕ್ಸಿನ್. ಪಂಚಾಯಿತಿಯ ಕಸದ ಗಾಡಿ ಬರುವ ದಿನ ಅದನ್ನು ಬೇರೆ ಚೀಲದಲ್ಲಿ ಕಟ್ಟಿ ಕೊಡಿ, ‘ಇದು ಪಿವಿಸಿ’ ಎಂದು ಹೇಳಿಯೇ ಕೊಡಿ.